ಒಪ್ಪಿಕೊಂಡ ಕೂಲಿಯೂ ಅನ್ಯಾಯವಾಗಬಹುದೇ?
ಕೋಲಾರದ ಟೊಮೆಟೊ ಮಂಡಿಯ ಹಮಾಲರು ಕಡಿಮೆ ಕೂಲಿಗೆ ತಾವೇ ಒಪ್ಪಿದ್ದರೆ, ಅದರಲ್ಲಿ ಅನ್ಯಾಯವೇನು ಬಂತು, ಕಥೋಲಿಕ ಚರ್ಚ್ ಏನನ್ನುತ್ತದೆ ಎಂದು ಕೇಳಿದ್ದೀರಿ. ಅನ್ಯಾಯವೆಂದೇ ಹೇಳುತ್ತದೆ. ಪೋಪ್ 13ನೇ ಲಿಯೋ 1891ರಲ್ಲಿ ಹೊರಡಿಸಿದ ‘ರೇರುಮ್ ನೊವಾರುಮ್’ ಪರಿಪತ್ರ ಇದನ್ನು ನೇರವಾಗಿಯೇ ಎತ್ತಿಕೊಳ್ಳುತ್ತದೆ: ಗತಿಯಿಲ್ಲದೆ, ಇದಕ್ಕಿಂತ ಕೆಟ್ಟದ್ದು ಬಂದೀತೆಂಬ ಭಯದಿಂದ ಒಪ್ಪಿದವನು ಬಲವಂತಕ್ಕೂ ಅನ್ಯಾಯಕ್ಕೂ ಬಲಿಯಾದವನು. ಹದಿನೈದು ಕಿಲೋ ತೂಗುವ ಕ್ರೇಟುಗಳನ್ನು ಲಾರಿಗೆ ಏರಿಸುತ್ತಿರುವವನಿಗೆ ‘ಬೇಡವಾದರೆ ಬಿಡು, ಬೇರೆಯವರಿದ್ದಾರೆ’ ಎಂದರೆ ಅವನು ಒಪ್ಪದೆ ಏನು ಮಾಡಿಯಾನು? ಸಂಘ ಕಟ್ಟಿಕೊಳ್ಳುವ ಹಕ್ಕನ್ನೂ ಅದೇ ಪರಿಪತ್ರ ಎತ್ತಿಹಿಡಿದಿದೆ. 2025ರಲ್ಲಿ ಆಯ್ಕೆಯಾದ ಪೋಪ್ ಅದನ್ನು ನೆನೆದೇ 14ನೇ ಲಿಯೋ ಎಂಬ ಹೆಸರು ತಳೆದರು. ನಿಮ್ಮ ಚರ್ಚಿನ ಗುರುಗಳೊಡನೆ ಈ ಮಾತು ತೆಗೆಯಿರಿ. ಚರ್ಚ್ ನಡೆಸುವ ಶಾಲೆಗಳ ಆಯಾಗಳ ಸಂಬಳಕ್ಕೂ ಇದೇ ಅಳತೆ ಎಂಬುದನ್ನು ದಯವಿಟ್ಟು ಸೇರಿಸಿ ಹೇಳಿ.