ಹಾಸ್ಲರ್‌ನ ‘ಡಿಕ್ಸಿಟ್ ಮರಿಯಾ’ ಎಂದರೆ ಏನು? ಅದೇ ಹೆಸರಿನ ‘ಮಿಸ್ಸಾ’ (ಕ್ಯಾಥೊಲಿಕ್ ಚರ್ಚಿನ ಪೂಜೆಗೆ ಹಾಡುವ ಸಂಗೀತ) ಕೂಡ ಇದೆಯಲ್ಲ, ಎರಡೂ ಒಂದೇನಾ?

ಒಂದೇ ಅಲ್ಲ, ಆದರೆ ಒಂದರಿಂದ ಇನ್ನೊಂದು ಹುಟ್ಟಿದ್ದು.

ಹಾನ್ಸ್ ಲಿಯೋ ಹಾಸ್ಲರ್ ಜರ್ಮನಿಯ ಸಂಗೀತ ರಚನೆಕಾರ, ನ್ಯೂರೆಂಬರ್ಗ್‌ನವನು, ಹುಟ್ಟಿದ್ದು 1564ರಲ್ಲಿ. ವೆನಿಸ್‌ಗೆ ಹೋಗಿ ಅಲ್ಲಿನ ಸಂಗೀತ ರಚನೆಕಾರ ಆಂಡ್ರಿಯಾ ಗಾಬ್ರಿಯೇಲಿ ಹತ್ತಿರ ಕಲಿತ. ಆಮೇಲೆ ಆಗ್ಸ್‌ಬರ್ಗ್‌ನ ಶ್ರೀಮಂತ ಫುಗರ್ ಮನೆತನದಲ್ಲಿ ಆರ್ಗನ್ ವಾದಕನಾದ. ತಾನು ಪ್ರಾಟೆಸ್ಟಂಟ್, ಕೆಲಸ ಕೊಟ್ಟವರು ಕ್ಯಾಥೊಲಿಕ್! ಹಾಗಾಗಿ ಲ್ಯಾಟಿನ್ ಪ್ರಾರ್ಥನಾ ಸಂಗೀತವನ್ನೂ ಬರೆದ.

‘ಡಿಕ್ಸಿಟ್ ಮರಿಯಾ’ (ಅಂದರೆ ‘ಮರಿಯಾ ಹೇಳಿದಳು’) ನಾಲ್ಕು ದನಿಗಳ ಪುಟ್ಟ ಮೋಟೆಟ್, ಅಂದರೆ ಹಲವು ದನಿಗಳು ಕೂಡಿ ಹಾಡುವ ಭಕ್ತಿಗೀತೆ. 1591ರಲ್ಲಿ ಅಚ್ಚಾಯಿತು. ದೇವದೂತ ಬಂದು ಯೇಸುವಿನ ಜನನದ ಸುದ್ದಿ ಹೇಳಿದಾಗ ಮರಿಯಾ ಕೊಡುವ ಉತ್ತರವೇ ಇದರ ಸಾಹಿತ್ಯ: ನಾನು ದೇವರ ದಾಸಿ, ನೀನು ಹೇಳಿದಂತೆಯೇ ಆಗಲಿ. ಈ ಮಾತು ಬೈಬಲ್‌ನ ಲೂಕನ ಸುವಾರ್ತೆಯಲ್ಲಿದೆ. ಶುರುವಿನಲ್ಲಿ ಒಂದು ದನಿ ಹಿಡಿದ ರಾಗವನ್ನು ಇನ್ನೊಂದು ಎತ್ತಿಕೊಳ್ಳುತ್ತದೆ, ಆಮೇಲೆ ಮತ್ತೊಂದು. ಹೆಣೆದುಕೊಂಡರೂ ಗೋಜಲಾಗುವುದಿಲ್ಲ. ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಆ ತಿಳಿತನವೇ.

ಇದೇ ರಾಗಗಳನ್ನು ಹಿಗ್ಗಿಸಿ ಅವನು ಪೂರ್ತಿ ಪೂಜೆಗೆ, ಅಂದರೆ ಅದರ ಮೊದಲ ಹಾಡಾದ ಕೀರಿಯೆಯಿಂದ ಕೊನೆಯ ಹಾಡಾದ ಆಗ್ನುಸ್ ದೇಯಿವರೆಗೆ, ಸಂಗೀತ ಕಟ್ಟಿದ. 1599ರಲ್ಲಿ ಪ್ರಕಟವಾದ ಅದೇ ‘ಮಿಸ್ಸಾ ಡಿಕ್ಸಿಟ್ ಮರಿಯಾ’. ಹಳೆಯ ಹಾಡಿನಿಂದ ಹೀಗೆ ಮಿಸ್ಸಾ ಮಾಡುವುದು ಆ ಕಾಲದಲ್ಲಿ ಮಾಮೂಲಿ. ಮೊದಲು ಮೋಟೆಟ್ ಕೇಳಿ, ನಂತರ ಕೀರಿಯೆ ಹಾಕಿ. ನಂಟು ತಾನಾಗಿ ಗೊತ್ತಾಗುತ್ತದೆ.