ಪ್ರಶ್ನೋತ್ತರ: ಡ್ರೈವರ್ ಇಲ್ಲದ ಗಾಡ್ಯಾಗ ಕುಂಡ್ರಾಕ ಧೈರ್ಯ ಐತೇನ್ರೀ?

ಚಾಲಕರಿಲ್ಲದ ಕಾರುಗಳ ಬಗ್ಗೆ ನಿಮ್ಮ ಅನುಮಾನ ಬರೆದು ಕಳಿಸಿ ಎಂದಿದ್ದೆವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ (ಮುಧೋಳ): ಅಮೆರಿಕಾದಾಗ ಡ್ರೈವರ್ ಇಲ್ಲದ ಟ್ಯಾಕ್ಸಿ ಓಡಾಕತ್ತಾವ ಅಂತ ಮೊಬೈಲ್‌ನ್ಯಾಗ ನೋಡ್ತೀವಿ. ಅಲ್ಲಿ ಮಂದಿಗೆ ಖರೇನ ಅಂಜಿಕಿ ಇಲ್ಲೇನ್ರೀ? ಅಂಜೋರು ನಾವಷ್ಟೇನು?

ಉತ್ತರ: ಅವರೂ ಅಂಜುತ್ತಾರೆ. ಅಲ್ಲಿನ ವಾಹನ ಸವಾರರ ಸಂಘ ಎಎಎ ಪ್ರತಿವರ್ಷ ಇದೇ ಪ್ರಶ್ನೆ ಕೇಳುತ್ತದೆ. 2025ರಲ್ಲಿ ನೂರಕ್ಕೆ 61 ಚಾಲಕರು ಇಂಥ ಗಾಡಿಯಲ್ಲಿ ಕೂರಲು ಹೆದರಿಕೆ ಎಂದರು. ನಂಬುತ್ತೇವೆ ಎಂದವರು 13. ಅದರ ಹಿಂದಿನ ವರ್ಷ ನಂಬುವವರು 9 ಮಂದಿಯಷ್ಟೇ ಇದ್ದರು. ವೇಮೋ ಕಂಪನಿ ಫೀನಿಕ್ಸ್ ಊರಿನಲ್ಲಿ 2020ರ ಅಕ್ಟೋಬರ್‌ನಲ್ಲೇ ಚಾಲಕರಿಲ್ಲದ ಟ್ಯಾಕ್ಸಿಯನ್ನು ಜನರಿಗೆ ಬಿಟ್ಟಿತ್ತು, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್‌ಗೂ ಹೋಯಿತು. ಇಷ್ಟು ವರ್ಷ ಓಡಿದ ಮೇಲೂ ಉಳಿದಿರುವ ಅಂಜಿಕೆ ಇದು.

ಅಂಜಿಕೆಗೆ ಕಾರಣವಾದ ಎರಡು ಅಪಘಾತಗಳನ್ನು ತಿಳಿದಿರುವುದು ಒಳ್ಳೆಯದು. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿಯಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಊಬರ್‌ನ ಪರೀಕ್ಷಾ ಕಾರು ಬಡಿಯಿತು. ಡಿಕ್ಕಿಗೆ ಸುಮಾರು ಐದೂವರೆ ಸೆಕೆಂಡ್ ಮೊದಲೇ ಅದಕ್ಕೆ ಆಕೆ ಕಂಡಿದ್ದಳು. ಆದರೆ ಒಮ್ಮೆ ಗಾಡಿ, ಒಮ್ಮೆ ಏನೋ ವಸ್ತು, ಒಮ್ಮೆ ಸೈಕಲ್ ಎಂದು ಹೆಸರು ಬದಲಿಸುತ್ತ ಹೋಯಿತು. ಬದಲಿಸಿದಾಗಲೆಲ್ಲ ಅವಳು ಯಾವ ಕಡೆ ಸಾಗುತ್ತಾಳೆಂಬ ಲೆಕ್ಕ ಮೊದಲಿಂದ ಶುರುವಾಗುತ್ತಿತ್ತು. ಕಾರಿನ ಸ್ವಂತ ತುರ್ತು ಬ್ರೇಕನ್ನು ಬಂದ್ ಮಾಡಿದ್ದರು. ಸೀಟಿನಲ್ಲಿದ್ದ ಉಸ್ತುವಾರಿ ಮೊಬೈಲ್ ನೋಡುತ್ತಿದ್ದಳು.

ಇನ್ನೊಂದು 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಬೇರೆ ಕಾರು ಬಡಿದು ಎದುರಿಗೆ ಬಿದ್ದ ಮಹಿಳೆಯ ಮೇಲೆ ಕ್ರೂಸ್ ಕಂಪನಿಯ ಕಾರು ಹರಿದು ನಿಂತಿತು. ಆಮೇಲೆ ಬದಿಗೆ ಸರಿಯಬೇಕೆಂಬ ತನ್ನ ನಿಯಮ ಪಾಲಿಸಲು ಹೋಗಿ, ಆಕೆಯನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಕಂಪನಿ ಪೂರ್ತಿ ಮಾಹಿತಿ ಕೊಡಲಿಲ್ಲವೆಂದು ಕ್ಯಾಲಿಫೋರ್ನಿಯಾ ಮೂರೇ ವಾರದಲ್ಲಿ ಪರವಾನಗಿ ತಡೆಹಿಡಿಯಿತು. 2024ರ ಡಿಸೆಂಬರ್‌ನಲ್ಲಿ ಮೂಲ ಕಂಪನಿ ಜನರಲ್ ಮೋಟಾರ್ಸ್ ಆ ಟ್ಯಾಕ್ಸಿ ವ್ಯವಹಾರಕ್ಕೇ ಕೈಮುಗಿಯಿತು. ಮಂದಿ ಅಪಘಾತವನ್ನಾದರೂ ಕ್ಷಮಿಸ್ಯಾರು, ಮುಚ್ಚಿಟ್ಟದ್ದನ್ನು ಕ್ಷಮಿಸುವುದಿಲ್ಲ.

ಇನ್ನೊಂದು ಬದಿಯ ಲೆಕ್ಕವೂ ಇದೆ. ವೇಮೋ ಕಾರುಗಳು 2.53 ಕೋಟಿ ಮೈಲಿ ಓಡಿದ ಅವಧಿಯ ವಿಮಾ ಕ್ಲೇಮುಗಳನ್ನು ಮರುವಿಮಾ ಕಂಪನಿ ಸ್ವಿಸ್ ರೀ 2024ರಲ್ಲಿ ವೇಮೋ ಜೊತೆಗೂಡಿ ಲೆಕ್ಕಹಾಕಿದಾಗ, ಮನುಷ್ಯರು ಓಡಿಸುವ ಗಾಡಿಗಳಿಗಿಂತ ಗಾಯದ ಕ್ಲೇಮು ನೂರಕ್ಕೆ 92ರಷ್ಟು ಕಡಿಮೆ ಬಂತು. ಆದರೆ ಅದು ಆ ಊರುಗಳ ರಸ್ತೆಯ ಅಂಕಿ. ಮುಧೋಳಕ್ಕೆ ತಂದು ಹಚ್ಚಲು ಬರುವುದಿಲ್ಲ.

ದೆಹಲಿ ಮೆಟ್ರೊದ ಮೆಜೆಂಟಾ ಮಾರ್ಗದಲ್ಲಿ 2020ರ ಡಿಸೆಂಬರ್ 28ರಿಂದ ಚಾಲಕರಿಲ್ಲದೆ ರೈಲು ಓಡುತ್ತಿದೆ. ಅದಕ್ಕೆ ಯಾರೂ ಅಷ್ಟಾಗಿ ಅಂಜಲಿಲ್ಲ. ಹಳಿ ಬಿಟ್ಟು ಅದು ಎಲ್ಲಿಗೂ ಹೋಗದು, ಎದುರಿಗೆ ಎಮ್ಮೆ ಬಾರದು.

ಪ್ರಶ್ನೆ (ಜಮಖಂಡಿ): ಅಡಾಸ್ ಇರೋ ಕಾರ್ ತಗೊಂಡೀವ್ರೀ. ಮಗ ಸ್ಟೇರಿಂಗ್ ಬಿಟ್ಟು ಹೊಡಿತಾನ. ನಾ ಅಂಜಿ ಎಲ್ಲಾ ಬಂದ್ ಮಾಡಸ್ತೀನಿ. ಕಬ್ಬಿನ ಹಂಗಾಮಿನ್ಯಾಗ ರಾತ್ರಿ ಡಬಲ್ ಟ್ರೇಲರ್ ನಿಂತಿದ್ರ ಕಾರಿಗೆ ಕಾಣತೈತೇನು?

ಉತ್ತರ: ಮಗ ಮಾಡುತ್ತಿರುವುದು ಪೂರ್ತಿ ತಪ್ಪು, ನೀವು ಮಾಡುತ್ತಿರುವುದು ಅರ್ಧ ತಪ್ಪು. ಚಾಲನೆಯ ಸ್ವಯಂಚಾಲನೆಯನ್ನು 0ಯಿಂದ 5ರವರೆಗೆ ಆರು ಹಂತಗಳಾಗಿ ಎಣಿಸುತ್ತಾರೆ. ನಮ್ಮ ಶೋರೂಮುಗಳಲ್ಲಿ ಅಡಾಸ್ (ಚಾಲಕರಿಗೆ ನೆರವಾಗುವ ವ್ಯವಸ್ಥೆ) ಎಂದು ಮಾರುವುದು ಹೆಚ್ಚೆಂದರೆ 2ನೇ ಹಂತ. ಅದು ಸ್ಟೇರಿಂಗ್, ಬ್ರೇಕ್, ಎಕ್ಸಲರೇಟರಿಗೆ ಕೈಜೋಡಿಸುತ್ತದೆ. ರಸ್ತೆ ನೋಡುವ ಕೆಲಸ ಪೂರ್ತಿ ನಿಮ್ಮದೇ. ವೇಮೋ ಇರುವುದು 4ನೇ ಹಂತದಲ್ಲಿ, ಅದೂ ಇಂಚಿಂಚು ನಕಾಶೆ ಮಾಡಿಟ್ಟ ಊರೊಳಗೆ ಮಾತ್ರ. 5ನೇ ಹಂತದ ಗಾಡಿ ಜಗತ್ತಿನಲ್ಲಿ ಎಲ್ಲಿಯೂ ಮಾರಾಟಕ್ಕಿಲ್ಲ.

ಟ್ರೇಲರ್ ಕಾಣುತ್ತದೆಂದು ನಂಬಿ ಕೂರಬೇಡಿ. ಕಾರಣ ಹೀಗಿದೆ. ಮುಂದಿನ ಗ್ಲಾಸಿನ ಹಿಂದಿರುವ ಕ್ಯಾಮೆರಾ ಗಾಡಿಯ ಬೆನ್ನನ್ನು ಗುರುತಿಸಲು ಕಲಿತಿರುತ್ತದೆ: ಎರಡು ಕೆಂಪು ದೀಪ, ನಂಬರ್ ಪ್ಲೇಟು, ಚೌಕಾಕಾರ. ದೀಪವಿಲ್ಲದ, ರಿಫ್ಲೆಕ್ಟರು ಕಬ್ಬಿನಡಿ ಮುಚ್ಚಿಹೋದ ಟ್ರೇಲರು ಅದಕ್ಕೆ ಕತ್ತಲಲ್ಲೊಂದು ಪೊದೆ. ಬಂಪರಿನ ಹಿಂದಿರುವ ರೇಡಾರು ರೇಡಿಯೊ ಅಲೆ ಬಿಟ್ಟು, ವಾಪಸ್ ಬಂದದ್ದರಿಂದ ದೂರ ಅಳೆಯುತ್ತದೆ; ಅದಕ್ಕೆ ಚಲಿಸುವ ವಸ್ತು ಚೆನ್ನಾಗಿ ತಿಳಿಯುತ್ತದೆ. ನಿಂತದ್ದರ ಪ್ರತಿಧ್ವನಿಯೂ ಬರುತ್ತದೆ, ಆದರೆ ಸೇತುವೆ, ಬೋರ್ಡು, ಕಂಬ ಎಲ್ಲದರಿಂದಲೂ ಬರುತ್ತದೆ. ಪ್ರತಿಯೊಂದಕ್ಕೂ ಬ್ರೇಕ್ ಹಾಕಿದರೆ ಕಾರು ಓಡುವುದೇ ಇಲ್ಲ. ಅದಕ್ಕೆ ವೇಗ ಹೆಚ್ಚಿದ್ದಾಗ, ಕ್ಯಾಮೆರಾ ಹೌದೆನ್ನದ ಹೊರತು ನಿಂತ ವಸ್ತುವನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಮೇಲಾಗಿ ರೇಡಾರು ಅಳೆಯುವುದು ಟ್ರೇಲರಿನ ಕಬ್ಬಿಣದವರೆಗಿನ ದೂರವನ್ನು. ಹಿಂದಕ್ಕೆ ಚಾಚಿದ ಕಬ್ಬು ಆ ಲೆಕ್ಕದಲ್ಲಿ ಬಾರದೆ ಹೋಗಬಹುದು, ಮೊದಲು ಗ್ಲಾಸಿಗೆ ಹೊಡೆಯುವುದು ಅದೇ.

ಒಣ ಡಾಂಬರಿನ ಮೇಲೆ, ಕಂಡು ಕಾಲು ಒತ್ತಲು ಒಂದು ಸೆಕೆಂಡ್ ಹಿಡಿದರೂ, 60 ಕಿ.ಮೀ. ವೇಗದಲ್ಲಿ ಗಾಡಿ ನಿಲ್ಲಲು ಸುಮಾರು 37 ಮೀಟರ್ ಬೇಕು. 80ರಲ್ಲಿ ಸುಮಾರು 57. ಡಿಪ್ ಲೈಟು ಚೆನ್ನಾಗಿ ತೋರಿಸುವುದು 40–50 ಮೀಟರ್. ಎದುರು ಗಾಡಿ ಬಂದು ಡಿಪ್ ಮಾಡಿದ ಮೇಲೂ 80ರಲ್ಲಿ ಹೋಗುತ್ತಿದ್ದರೆ ಅಡಾಸ್ ಇರಲಿ ಬಿಡಲಿ, ಟ್ರೇಲರ್ ಕಂಡಾಗ ಹೊತ್ತು ಮೀರಿರುತ್ತದೆ.

ಆದ್ದರಿಂದ ತುರ್ತು ಬ್ರೇಕನ್ನು ಎಂದೂ ಬಂದ್ ಮಾಡಬೇಡಿ. ಅದು ಹತ್ತರಲ್ಲಿ ಒಂದು ಸಲ ಕೈಹಿಡಿದರೂ ಲಾಭವೇ. ಪದೇಪದೇ ಸುಮ್ಮನೆ ಕೂಗಿಕೊಂಡರೆ ಮೆನುವಿನಲ್ಲಿ ಎಚ್ಚರಿಕೆಯನ್ನು 'ತಡ'ಕ್ಕೆ ಇಳಿಸಿ. ಕ್ರೂಸ್ ಕಂಟ್ರೋಲನ್ನು, ಅಂದರೆ ವೇಗವನ್ನೂ ಮುಂದಿನ ಗಾಡಿಯ ಅಂತರವನ್ನೂ ಕಾರೇ ಕಾಯುವ ಸೌಲಭ್ಯವನ್ನು, ಬೆಳಗಾವಿ–ಧಾರವಾಡದಂಥ ನಡುವೆ ಡಿವೈಡರ್ ಇರುವ ಹೆದ್ದಾರಿಗೆ, ಹಗಲಿಗೆ ಇಟ್ಟುಕೊಳ್ಳಿ. ಅಲ್ಲೂ ತೊಂದರೆಯಿದೆ. ಮುಂದಿನ ಗಾಡಿಗೆ ನೀವು ಬಿಟ್ಟ ಅಂತರದಲ್ಲಿ ಬೈಕೊಂದು ನುಗ್ಗುತ್ತದೆ, ಕಾರು ಗಕ್ಕನೆ ಬ್ರೇಕ್ ಹಾಕುತ್ತದೆ, ಹಿಂದೆ ಅಂಟಿಕೊಂಡು ಬರುವ ಲಾರಿಗೆ ಅದು ತಿಳಿಯುವುದಿಲ್ಲ. ಅಂತರ ಕಡಿಮೆ ಮಾಡುವುದು ಇದಕ್ಕೆ ಮದ್ದಲ್ಲ. ಬೈಕು ಬದಿಗೆ ಬಂದಾಗಲೇ ಕ್ರೂಸ್ ಬಿಡಿಸಿ, ಹಿಂದಿನ ಕನ್ನಡಿ ನೋಡಿ ನಿಧಾನ ಮಾಡಿ. ಲೇನ್ ಹಿಡಿಯುವ ಸೌಲಭ್ಯ ತಗ್ಗು ತಪ್ಪಿಸುವಾಗ ಸ್ಟೇರಿಂಗನ್ನು ವಾಪಸ್ ತಗ್ಗಿಗೇ ಎಳೆಯುತ್ತದೆ. ಇಂಡಿಕೇಟರ್ ಹಾಕಿ ಸರಿದರೆ ಎಳೆಯುವುದಿಲ್ಲ. ಬಿಳಿಗೆರೆ ಅಳಿಸಿಹೋದ ರಸ್ತೆಯಲ್ಲಿ, ಜೋಳವೋ ತೊಗರಿಯೋ ಹರವಿ ಅರ್ಧ ರಸ್ತೆಯೇ ಕಣವಾಗಿರುವಲ್ಲಿ ಅದನ್ನು ಬಂದ್ ಮಾಡುವುದೇ ಸೈ.

ಇನ್ನು, ಕೈ ಬಿಟ್ಟಾಗ ಕಾರು ಎಚ್ಚರಿಸಬಾರದೆಂದು ಸ್ಟೇರಿಂಗಿಗೆ ನೀರಿನ ಬಾಟಲಿ ಸಿಕ್ಕಿಸುವ ವಿದ್ಯೆ. ಕೈ ಇದೆಯೋ ಇಲ್ಲವೋ ಎಂಬುದನ್ನು ಎಷ್ಟೋ ಕಾರುಗಳು ಸ್ಟೇರಿಂಗಿನ ಸಣ್ಣ ತಿರುಚುವಿಕೆಯಿಂದ ತಿಳಿಯುತ್ತವೆ, ಬಾಟಲಿಯ ಭಾರ ಅದಕ್ಕೆ ಕೈಯಂತೆಯೇ. ಮಗನಿಗೆ ಇದು ಗೊತ್ತಿದ್ದರೆ ಬಾಟಲಿ ಹಿಂದಿನ ಸೀಟಿನಲ್ಲಿರಲಿ.

ಎರೆಮಣ್ಣಿನ ರಾಡಿ ಬಂಪರಿಗೆ ಮೆತ್ತಿದರೆ ರೇಡಾರು ಕುರುಡಾಗುತ್ತದೆ, ಪರದೆಯಲ್ಲಿ ಎಚ್ಚರಿಕೆ ಬರುತ್ತದೆ; ಹಸಿ ಬಟ್ಟೆಯಲ್ಲಿ ಒರೆಸಿದರೆ ಸಾಕು, ಉಜ್ಜಬೇಡಿ. ಆಯುಧಪೂಜೆಯ ಬಾಳೆಗಿಡ, ಹೂಮಾಲೆ ಮುಂದೆ ಕಟ್ಟಿಕೊಂಡೇ ಹೆದ್ದಾರಿಗೆ ಇಳಿಯಬೇಡಿ. ಗ್ಲಾಸಿನ ನಡುಮೇಲೆ ಕುಂಕುಮ, ಗಂಧ ಹಚ್ಚಿದರೆ ಅದು ಕ್ಯಾಮೆರಾದ ಕಣ್ಣಿಗೇ ಹಚ್ಚಿದಂತೆ. ಮುಂದಿನ ಕಬ್ಬಿಣದ ಗಾರ್ಡನ್ನಂತೂ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಬೇಡವೆಂದಿದೆ. ರೇಡಾರ್ ಇರುವ ಕಾರಿಗೆ ಅದು ಎರಡು ಪಟ್ಟು ಕೇಡು.

ಪ್ರಶ್ನೆ (ಇಳಕಲ್): ಗ್ರಾನೈಟ್ ಲಾರಿಯಿಂದ ಕಲ್ಲು ಸಿಡಿದು ಮುಂದಿನ ಗ್ಲಾಸ್ ಹೋಯ್ತು. ಹೊರಗೆ ಅಗ್ಗದಾಗ ಹಾಕಿಸಿದ್ವಿ. ಈಗ ಲೇನಿನ ಎಚ್ಚರಿಕಿ ಅಡ್ಡಾತಿಡ್ಡಿ ಬರ್ತೈತಿ.

ಉತ್ತರ: ಗ್ಲಾಸ್ ಬದಲಾದರೆ ಅದರ ಹಿಂದಿರುವ ಕ್ಯಾಮೆರಾಕ್ಕೆ ಕ್ಯಾಲಿಬ್ರೇಷನ್, ಅಂದರೆ ನೋಟದ ದಿಕ್ಕು ಮತ್ತೆ ಹೊಂದಿಸುವ ಕೆಲಸ, ಮಾಡಿಸಲೇಬೇಕು. ಕ್ಯಾಮೆರಾ ಒಂದೇ ಒಂದು ಡಿಗ್ರಿ ಓರೆಯಾದರೂ 100 ಮೀಟರ್ ದೂರದಲ್ಲಿ ಲೆಕ್ಕ 1.75 ಮೀಟರ್ ತಪ್ಪುತ್ತದೆ. ಮೂರೂವರೆ ಮೀಟರ್ ಲೇನಿನಲ್ಲಿ ಅದು ಸರಿಯಾಗಿ ಅರ್ಧ: ಪಕ್ಕದ ಲೇನಿನ ಲಾರಿಯನ್ನು ನಿಮ್ಮ ಮುಂದಿದೆ ಎಂದುಕೊಳ್ಳುತ್ತದೆ, ಮುಂದಿರುವುದನ್ನು ಪಕ್ಕಕ್ಕೆ ದೂಡುತ್ತದೆ. ಒಂದು ವಿಧಾನದಲ್ಲಿ ಸಮತಟ್ಟು ನೆಲದ ಮೇಲೆ ಕಾರು ನಿಲ್ಲಿಸಿ, ಟಯರ್ ಗಾಳಿ ಸರಿಮಾಡಿ, ಮುಂದೆ ಗುರುತಿನ ಬೋರ್ಡಿಟ್ಟು ಹೊಂದಿಸುತ್ತಾರೆ. ಇನ್ನೊಂದರಲ್ಲಿ ಗೆರೆ ಸ್ವಚ್ಛ ಇರುವ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ ಹೊಂದಿಸುತ್ತಾರೆ. ನಿಮ್ಮ ಕಾರಿಗೆ ಯಾವುದೆಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಕೇಳಿ, ಮಾಡಿದ ಮೇಲೆ ರಿಪೋರ್ಟಿನ ಪ್ರತಿ ಇಸಿದುಕೊಳ್ಳಿ. ಆಗುವವರೆಗೆ ಕ್ರೂಸ್ ಮುಟ್ಟಬೇಡಿ. ವಿಮೆಯಲ್ಲಿ ಗ್ಲಾಸ್ ಕ್ಲೇಮ್ ಹಾಕುವಾಗ ಈ ಖರ್ಚನ್ನೂ ಎಸ್ಟಿಮೇಟಿನಲ್ಲಿ ಬರೆಸಿ.

ಪ್ರಶ್ನೆ (ವಿಜಯಪುರ, ಟಂಟಂ ಸ್ಟ್ಯಾಂಡಿನಿಂದ): ಈ ಗಾಡಿ ಬಂದ್ರ ನಮ್ಮ ಹೊಟ್ಟಿ ಗತಿ ಏನ್ರೀ?

ಉತ್ತರ: ನಿಮ್ಮ ಸ್ಟ್ಯಾಂಡಿಗೆ ಸದ್ಯಕ್ಕೆ ಅಪಾಯವಿಲ್ಲ. ಕೈ ಮಾಡಿದಲ್ಲಿ ನಿಲ್ಲುವ, ಮೂಟೆ ಮೇಲೇರಿಸುವ, ಚಿಲ್ಲರೆಗೆ ಚೌಕಾಸಿ ಮಾಡುವ ಕೆಲಸವನ್ನು ಯಂತ್ರಕ್ಕೆ ಕಲಿಸುವುದು ಕಷ್ಟ, ಲಾಭವೂ ಇಲ್ಲ. ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಲ್ಲೂ, 2023ರ ಡಿಸೆಂಬರ್‌ನಲ್ಲೂ ಚಾಲಕರ ಕೆಲಸ ಹೋಗುವ ಇಂಥ ಕಾರುಗಳಿಗೆ ಅವಕಾಶ ಕೊಡುವುದಿಲ್ಲ ಎಂದಿದ್ದಾರೆ. ಅದು ಸಚಿವರ ಮಾತು, ಕಾಯಿದೆಯ ನಿಷೇಧವಲ್ಲ, ಇದನ್ನು ನೆನಪಿಡಿ.

ಮೊದಲು ಬದಲಾಗುವುದು ಗಣಿಯೊಳಗಿನ ಡಂಪರು, ಬಂದರಿನ ಅಂಗಳ, ಆಮೇಲೆ ನೇರ ಹೆದ್ದಾರಿಯ ದೂರದ ಲಾರಿ. ಅಮೆರಿಕದಲ್ಲಿ ಡಲ್ಲಾಸ್–ಹೂಸ್ಟನ್ ನಡುವೆ ಅರೋರಾ ಕಂಪನಿ 2025ರ ಮೇ ತಿಂಗಳಲ್ಲಿ ಚಾಲಕರಿಲ್ಲದ ಲಾರಿ ಬಿಟ್ಟಿತು. ಕೆಲವೇ ವಾರದಲ್ಲಿ ಲಾರಿ ತಯಾರಕರು ಕೇಳಿಕೊಂಡರೆಂದು ಮುಂದಿನ ಸೀಟಿಗೆ ಒಬ್ಬ ಮನುಷ್ಯನನ್ನು ವಾಪಸ್ ಕೂರಿಸಿತು.

ಪ್ರಶ್ನೆ (ಅಥಣಿ): ಡಿಕ್ಕಿ ಆದ್ರ ಹೊಣೆ ಯಾರು? ಕಂಪನಿಯೋ, ಕುಂತಾವನೋ?

ಉತ್ತರ: ಇಂದು ನಮ್ಮಲ್ಲಿ ಕುಳಿತವನೇ. 1988ರ ಮೋಟಾರು ವಾಹನ ಕಾಯಿದೆ ಲೈಸೆನ್ಸ್ ಇರುವ ಮನುಷ್ಯನನ್ನು ಮುಂದಿಟ್ಟುಕೊಂಡು ಬರೆದದ್ದು. 'ಅಡಾಸ್ ಬ್ರೇಕ್ ಹಾಕಲಿಲ್ಲ' ಎಂಬ ಮಾತು ಚಾಲಕನನ್ನು ಉಳಿಸುವುದಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ ಕಲಂ 2ಬಿ, ಸಂಶೋಧನೆಗಾಗಿ ಕೆಲವು ವಾಹನಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ, ಅಷ್ಟೇ. ಬ್ರಿಟನ್ 2024ರಲ್ಲಿ ಬೇರೆ ದಾರಿ ಹಿಡಿಯಿತು: ಗಾಡಿ ತಾನೇ ಓಡುತ್ತಿರುವಾಗ ಅದು ಓಡುವ ರೀತಿಗೆ ಒಳಗೆ ಕುಳಿತವರ ಮೇಲೆ ಕೇಸಿಲ್ಲ, ಪರವಾನಗಿ ಪಡೆದ ಸಂಸ್ಥೆ ಉತ್ತರ ಹೇಳಬೇಕು. ನಮ್ಮಲ್ಲೂ ಇಂಥ ಕಾಯಿದೆ ಬರುವ ಮುನ್ನ ಯಾರಾದರೂ 'ಪೂರ್ತಿ ಸ್ವಯಂಚಾಲಿತ' ಎಂದು ಮಾರಿದರೆ ಕರಾರುಪತ್ರದ ಸಣ್ಣಕ್ಷರ ಓದಿ.

ಪ್ರಶ್ನೆ (ಬೆಳಗಾವಿ, ಕಾಲೇಜು ವಿದ್ಯಾರ್ಥಿನಿ): ಚಾಲಕರಿಲ್ಲದ ಕಾರಿನ ಬಗ್ಗೆ ನಮ್ಮೂರ ಜನರ ಅಭಿಪ್ರಾಯ ತಿಳಿಯುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಪ್ರಶ್ನೆ ಹೇಗೆ ಕೇಳಬೇಕು? ಎಷ್ಟು ಜನ ಸಾಕು?

ಉತ್ತರ: ಮೊದಲ ಅಡಚಣೆ ಮಾತಿನದು. ನಮ್ಮ ಕಡೆ 'ಆಟೋಮ್ಯಾಟಿಕ್ ಗಾಡಿ' ಎಂದರೆ ಕ್ಲಚ್ ಇಲ್ಲದ್ದು. ಆ ಪದ ಬಳಸಿದರೆ 'ಹೌದ್ರೀ, ನಮ್ಮ ಮಾವಾರ ಹಂತ್ಯಾಕ ಐತಿ' ಎಂಬ ಉತ್ತರ ಬರುತ್ತದೆ. ಎರಡು ಸಾಲಿನ ವಿವರಣೆ ಮೊದಲು ಓದಿ ಹೇಳಿ: 'ಈ ಕಾರಿನಲ್ಲಿ ಓಡಿಸುವವರು ಯಾರೂ ಇರುವುದಿಲ್ಲ. ಕ್ಯಾಮೆರಾ, ಕಂಪ್ಯೂಟರ್ ನೋಡಿ ಓಡಿಸುತ್ತವೆ.'

'ನಂಬುತ್ತೀರಾ?' ಎಂದು ಒಂದೇ ಪ್ರಶ್ನೆ ಕೇಳಬೇಡಿ. ಮೂರು ಕೇಳಿ: ನೀವು ಕೂರುತ್ತೀರಾ? ನಿಮ್ಮ ಮಗಳನ್ನು ಒಬ್ಬಳನ್ನೇ ಅದರಲ್ಲಿ ಶಾಲೆಗೆ ಕಳಿಸುತ್ತೀರಾ? ಚನ್ನಮ್ಮ ಸರ್ಕಲ್ಲಿನಲ್ಲಿ ನೀವು ರಸ್ತೆ ದಾಟುವಾಗ ಅದು ಬರುತ್ತಿದ್ದರೆ ದಾಟುತ್ತೀರಾ? ಒಬ್ಬರೇ ಮೂರಕ್ಕೆ ಮೂರು ಬೇರೆ ಉತ್ತರ ಕೊಟ್ಟರೆ ಆಶ್ಚರ್ಯಪಡಬೇಡಿ. ಪ್ರಯಾಣಿಕರ ಅಂಜಿಕೆ ಬೇರೆ, ಪಾದಚಾರಿಯ ಅಂಜಿಕೆ ಬೇರೆ. 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಬೊನೆಫಾನ್, ಶರೀಫ್, ರಹ್ವಾನ್ ಅವರ ಅಧ್ಯಯನದಲ್ಲೂ ಇಂಥದ್ದೇ ಇಬ್ಬಗೆ ಕಂಡಿತು: ಹೆಚ್ಚು ಜನರನ್ನು ಉಳಿಸಲು ಒಳಗಿರುವವರನ್ನೇ ಬಲಿಕೊಡುವ ಕಾರು ಸರಿ ಎಂದವರೇ, ತಾವು ಕೊಳ್ಳುವುದಾದರೆ ತಮ್ಮನ್ನು ಉಳಿಸುವ ಕಾರು ಬೇಕೆಂದರು.

ಕಾಲೇಜಿನ ಹುಡುಗಿ ಕೇಳುತ್ತಾಳೆಂದು ಹಿರಿಯರು 'ಹೂಂ ವ್ವಾ, ಹೌದು' ಎಂದು ಒಪ್ಪಿಬಿಡುತ್ತಾರೆ. ಇದು ಸಮೀಕ್ಷೆಯ ದೊಡ್ಡ ಕಾಯಿಲೆ. ಅರ್ಧ ಫಾರ್ಮುಗಳಲ್ಲಿ 'ಇದು ಸುರಕ್ಷಿತ' ಎಂದೂ ಉಳಿದರ್ಧದಲ್ಲಿ 'ಇದು ಅಪಾಯಕಾರಿ' ಎಂದೂ ಬರೆದು ಒಪ್ಪುತ್ತೀರಾ ಎಂದು ಕೇಳಿ. ಎರಡಕ್ಕೂ ನೂರಕ್ಕೆ 70 'ಹೌದು' ಬಂದರೆ ನಿಮಗೆ ಸಿಕ್ಕಿದ್ದು ಅಭಿಪ್ರಾಯವಲ್ಲ, ಮರ್ಯಾದೆ.

ಸಂಖ್ಯೆ: 385 ಜನರಾದರೆ ತಪ್ಪಿನ ಅಂತರ, ಅಂದರೆ ನಿಮ್ಮ ಅಂಕಿ ನಿಜಕ್ಕಿಂತ ಮೇಲೆ ಕೆಳಗೆ ಆಗಬಹುದಾದದ್ದು, ಸುಮಾರು ನೂರಕ್ಕೆ 5; 100 ಜನರಾದರೆ 10. ಆದರೆ ಈ ಸೂತ್ರ ಚೀಟಿ ಎತ್ತಿದಂತೆ ಆರಿಸಿದವರಿಗೆ ಮಾತ್ರ ಸಲ್ಲುತ್ತದೆ. ವಾಟ್ಸಾಪ್ ಗುಂಪಿಗೆ ಗೂಗಲ್ ಫಾರ್ಮ್ ಬಿಟ್ಟರೆ ಸಾವಿರ ಉತ್ತರ ಬಂದರೂ ಅದು ನಿಮ್ಮ ಗೆಳತಿಯರ ಅಭಿಪ್ರಾಯ. ಬಸ್ ಸ್ಟ್ಯಾಂಡ್, ಎಪಿಎಂಸಿ, ಆಸ್ಪತ್ರೆ ಎದುರು, ಕಾಲೇಜು, ರಿಕ್ಷಾ ಸ್ಟ್ಯಾಂಡ್ ಎಂದು ಐದು ಜಾಗ ಹಿಡಿದು, ಪ್ರತಿ ಜಾಗದಲ್ಲಿ ಹೋಗಿಬರುವವರಲ್ಲಿ ಪ್ರತಿ ಐದನೆಯವರನ್ನು ನಿಲ್ಲಿಸಿ ಕೇಳಿ. ಹೆಂಗಸರು ಅರ್ಧ ಇರುವಂತೆ ನೋಡಿಕೊಳ್ಳಿ. ಗಾಡಿ ಓಡಿಸದವರನ್ನು ಬಿಡಬೇಡಿ. ರಸ್ತೆ ದಾಟುವವರು ಅವರೇ ಹೆಚ್ಚು. ಇಷ್ಟು ಮಾಡಿದರೂ ಅದು ಪೂರ್ತಿ ಚೀಟಿ ಎತ್ತಿದಂತಲ್ಲ, ವರದಿಯಲ್ಲಿ ಹಾಗೆಂದೇ ಬರೆಯಿರಿ.

ಬೆಳಗಾವಿಯಲ್ಲಿ ಕನ್ನಡದ ಫಾರ್ಮೊಂದೇ ಸಾಲದು. ಮರಾಠಿಗೂ ಉರ್ದುವಿಗೂ ತರ್ಜುಮೆ ಮಾಡಿಸಿ, ಅದನ್ನು ಬೇರೊಬ್ಬರಿಂದ ಮತ್ತೆ ಕನ್ನಡಕ್ಕೆ ತರಿಸಿ ಮೂಲದೊಂದಿಗೆ ಹೋಲಿಸಿ. ಛಾಪಿಸುವ ಮುನ್ನ ಹತ್ತು–ಹದಿನೈದು ಜನರ ಮೇಲೆ ಪ್ರಯೋಗಿಸಿ. ಯಾವ ಪ್ರಶ್ನೆಗೆ 'ಹಂಗಂದ್ರ?' ಎಂದು ಇಬ್ಬರಿಗಿಂತ ಹೆಚ್ಚು ಮಂದಿ ಕೇಳುತ್ತಾರೋ ಅದನ್ನು ತಿದ್ದಿ. ಕೊನೆಗೆ ಖಾಲಿ ಜಾಗ ಬಿಟ್ಟು ಇನ್ನೊಂದು ಕೇಳಿ: 'ಈ ಕಾರು ಯಾರಿಗಾದರೂ ಬಡಿದರೆ ನೀವು ಜಗಳಕ್ಕೆ ಹೋಗುವುದು ಯಾರ ಹತ್ತಿರ?' ಅಂಕಿಗಿಂತ ಈ ಉತ್ತರಗಳೇ ನಿಮ್ಮ ಪ್ರಾಜೆಕ್ಟಿಗೆ ಹೆಚ್ಚು ಉಪಯೋಗಕ್ಕೆ ಬಂದಾವು.