ಓದುಗರ ಪ್ರಶ್ನೆ: ಷರ್ಲಾಕ್ ಹೋಮ್ಸ್ ಕಥೆಯ ಹಾವು ಯಾವುದು?

ಪ್ರ: ಷರ್ಲಾಕ್ ಹೋಮ್ಸ್‌ನ ‘ದಿ ಸ್ಪೆಕಲ್ಡ್ ಬ್ಯಾಂಡ್’ ಕಥೆಯಲ್ಲಿ ಭಾರತದ ಹಾವೊಂದು ಬರುತ್ತದಲ್ಲ, ಅದು ನಮ್ಮ ಗದ್ದೆಗಳಲ್ಲಿ ಕಾಣುವ ಯಾವ ಹಾವು?
– ಓದುಗರು, ಸಿಂಧನೂರು

ಉ: ಯಾವುದೂ ಅಲ್ಲ. 1892ರಲ್ಲಿ ಪ್ರಕಟವಾದ ಈ ಕಥೆಯಲ್ಲಿ ಹೋಮ್ಸ್ ಅದನ್ನು ‘ಸ್ವಾಂಪ್ ಆ್ಯಡರ್’ ಎನ್ನುತ್ತಾನೆ. ಆ ಹೆಸರಿನ ಹಾವು ಭಾರತದಲ್ಲಿಲ್ಲ. ಹಳದಿ ಮೈ, ಕಂದು ಚುಕ್ಕೆ ಎಂದರೆ ಕೊಳಕುಮಂಡಲ ನೆನಪಾಗಬಹುದು. ಆದರೆ ಆ ದಪ್ಪ ಮೈಯ ಹಾವು ಕಥೆಯಲ್ಲಿರುವಂತೆ ನೇತುಬಿಟ್ಟ ಹಗ್ಗದಲ್ಲಿ ಇಳಿದು ಮತ್ತೆ ಹತ್ತುವುದಿಲ್ಲ. ಹತ್ತು ಸೆಕೆಂಡಿನಲ್ಲಿ ಜೀವ ತೆಗೆಯುವುದು ನಾಗರಕ್ಕೂ ಆಗದ ಮಾತು. ಖಳ ಅದನ್ನು ಕಬ್ಬಿಣದ ತಿಜೋರಿಯಲ್ಲಿಟ್ಟು, ಹಾಲು ಕುಡಿಸಿ, ಸಿಳ್ಳೆ ಹಾಕಿ ವಾಪಸ್ ಕರೆಯುತ್ತಾನೆ. ಹಾಲು ಹಾವಿನ ಆಹಾರವೇ ಅಲ್ಲ. ಹೊರಗಿವಿಯಿಲ್ಲದ ಹಾವಿಗೆ ನೆಲದ ಕಂಪನ, ತಗ್ಗಿದ ಸದ್ದು ತಿಳಿಯುತ್ತವೆಯೇ ಹೊರತು ಕೀರಲು ಸಿಳ್ಳೆಯಲ್ಲ. ಇಷ್ಟಾದರೂ ಕಥೆ ಮೈ ಜುಮ್ಮೆನ್ನಿಸುತ್ತದೆ, ಅದು ಲೇಖಕ ಆರ್ಥರ್ ಕಾನನ್ ಡಾಯ್ಲ್ ಕೈಚಳಕ. (ನಿಜವಾಗಿ ಹಾವು ಕಚ್ಚಿದರೆ ಗಾಯ ಕುಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕಚ್ಚಿದ ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ ಹೋಗಿ.)

ಪ್ರ: ಇದೇ ಕಥೆಯನ್ನು ಕಾಲೇಜಿನಲ್ಲಿ ನಾಟಕ ಆಡಬೇಕೆಂದಿದ್ದೇವೆ. ಅನುಮತಿ ಬೇಕೇ? ಹಾವನ್ನು ತೋರಿಸುವುದು ಹೇಗೆ?
– ವಿದ್ಯಾರ್ಥಿಗಳು, ಬಳ್ಳಾರಿ

ಉ: ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ಮೂಲ ಕಥೆಗೆ ಭಾರತದಲ್ಲಿ ಹಕ್ಕುಸ್ವಾಮ್ಯ ಮುಗಿದಿದೆ. ಈಚಿನ ಅನುವಾದ ಬಳಸುವುದಾದರೆ ಮಾತ್ರ ಅನುವಾದಕರನ್ನು ಕೇಳಿ. ಟಿವಿ ಸರಣಿಯ ಸಂಭಾಷಣೆ ಎತ್ತಬೇಡಿ.

ಹಾವು ಇಳಿಯುವುದನ್ನು ತೋರಿಸುವ ಗೋಜಿಗೇ ಹೋಗಬೇಡಿ. ಮೂಲದಲ್ಲೂ ಆ ಕ್ಷಣ ಕಥೆ ಹೇಳುವ ಹೋಮ್ಸ್‌ನ ಗೆಳೆಯ ವಾಟ್ಸನ್‌ಗೆ ಏನೂ ಕಾಣುವುದಿಲ್ಲ: ಕತ್ತಲು, ಕೆಟಲ್‌ನಿಂದ ಆವಿ ಹೊರಟಂಥ ಸದ್ದು, ಕಡ್ಡಿ ಗೀರಿ ಬೆತ್ತದಿಂದ ಗಂಟೆಹಗ್ಗಕ್ಕೆ ಬಾರಿಸುವ ಹೋಮ್ಸ್, ಒಂದು ಸಿಳ್ಳೆ. ಹಗ್ಗವನ್ನು ಪರದೆಗೋ ರಟ್ಟಿನ ಗೋಡೆಗೋ ಕಟ್ಟಿದರೆ ಬೆತ್ತದ ಏಟಿಗೆ ಸೆಟ್ಟೇ ಅಲ್ಲಾಡಿ ಪ್ರೇಕ್ಷಕರು ನಗುತ್ತಾರೆ. ಮೇಲಿನ ಅಡ್ಡಪೈಪಿಗೆ ಬಿಗಿಯಿರಿ. ಕೊನೆಗೆ ಖಳನ ತಲೆಗೆ ಸುತ್ತಿಕೊಂಡ ಹಾವಿಗೆ ಹಳದಿ ಬಟ್ಟೆಯ ಕೊಳವೆ ಹೊಲಿದು, ಮುಕ್ಕಾಲು ಭಾಗ ಮಾತ್ರ ಹತ್ತಿ ತುಂಬಿ. ಗಿಡಿದರೆ ಕೋಲಿನಂತೆ ನಿಲ್ಲುತ್ತದೆ, ಸುತ್ತಿಕೊಳ್ಳುವುದಿಲ್ಲ. ಹಾವಾಡಿಗರಿಂದ ನಿಜವಾದ ಹಾವು ತರಿಸುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ.

ಪ್ರ: ಹೋಮ್ಸ್ ವೇಷಕ್ಕೆ ಟೊಪ್ಪಿಗೆ, ಬಾಗಿದ ಪೈಪು ಬೇಕೇ ಬೇಕೆ?
– ಓದುಗರು, ಗಂಗಾವತಿ

ಉ: ಬೇಡ. ಆ ಟೊಪ್ಪಿಗೆಗೆ ರೂಪ ಕೊಟ್ಟದ್ದು ಚಿತ್ರಕಾರ ಸಿಡ್ನಿ ಪ್ಯಾಜೆಟ್. ಅದೂ ಹಳ್ಳಿಗಾಡಿನ ಪ್ರಯಾಣಕ್ಕೆ. ಬಾಗಿದ ಪೈಪು 1899ರ ನಾಟಕದಲ್ಲಿ ನಟ ವಿಲಿಯಂ ಜಿಲೆಟ್ ಹಿಡಿದದ್ದು. ನಮ್ಮ ಕಡೆಯ ಬಿಸಿಲಲ್ಲಿ ಉಣ್ಣೆಯ ನಿಲುವಂಗಿಯನ್ನೂ ಬಿಟ್ಟುಬಿಡಿ. ಕಪ್ಪು ಕೋಟು, ಭೂತಗನ್ನಡಿ, ಆ ಬೆತ್ತ ಸಾಕು.